ಬಗಲಿಗೆ ಸರಿದ ಜೇಬು

ಮಾರ್ಚ್ ೪, ಸೋಮವಾರ

ಬೆಳಗ್ಗೆ ಎಂಟಕ್ಕೆ ನೋವಿನ ಮಾತ್ರೆ ಒಂದು. ಅರ್ಧ ಲೋಟ ಹಾಲು. ಹತ್ತಕ್ಕೆ ವಾಂತಿ. ಮಧ್ಯಾಹ್ನ ಎರಡು ಚಮಚ ಸೂಪು, ಮೂರನೆಯದಕ್ಕೆ ತುಟಿ ಬಿಗಿಹಿಡಿದ. ಸಂಜೆ ಆರಕ್ಕೆ ಇನ್ನೊಂದು ಮಾತ್ರೆ.

ವಾರಕ್ಕೆರಡು ಸಲ ಮನೆಗೇ ಬಂದು ನೋಡಿಕೊಂಡು ಹೋಗುವ ನರ್ಸಮ್ಮ ಇದನ್ನೆಲ್ಲ ದಿನಾ ಬರೆದಿಡಿ ಎಂದಿದ್ದಾರೆ. ಅಂಗಡಿಯಲ್ಲಿ ಅರ್ಧ ತುಂಬಿದ ಅಳತೆ ಪುಸ್ತಕವೊಂದಿತ್ತು. ಅದನ್ನೇ ತಿರುಗಿಸಿ ಹಿಂದಿನಿಂದ ಶುರುಮಾಡಿದ್ದೇನೆ. ಆ ಕಡೆಯಿಂದ ಗಿರಾಕಿಗಳ ಎದೆ, ಸೊಂಟ. ಈ ಕಡೆಯಿಂದ ಅಣ್ಣನ ಮಾತ್ರೆ, ವಾಂತಿ. ಬರೆಯುವ ಕೆಲಸ ಹೇಗೂ ನನ್ನದೇ. ಮೂವತ್ತು ವರ್ಷದಿಂದ ಅಣ್ಣ ಟೇಪು ಹಿಡಿದು ಅಳತೆ ಕೂಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಅವನು ಬಟ್ಟೆ ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಅಪ್ಪ ಬಿಟ್ಟುಹೋದ ಟೈಲರ್ ಅಂಗಡಿಯನ್ನು ಹೀಗೇ ನಡೆಸಿಕೊಂಡು ಬಂದಿದ್ದೇವೆ.

ಹೋದ ವಾರ ಆಸ್ಪತ್ರೆಯ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಪಕ್ಕಕ್ಕೆ ಕರೆದು, ಇನ್ನು ಔಷಧಿ ನೋವಿಗೆ ಮಾತ್ರ, ಕಾಯಿಲೆಗಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಎಷ್ಟು ದಿನ ಎಂದು ಅತ್ತಿಗೆ ಕೇಳಿದರು. ಆರು ವಾರ, ಹೆಚ್ಚೆಂದರೆ ಎರಡು ತಿಂಗಳು ಎಂದರು. ಆ ಮನುಷ್ಯ ಹಾಕಿಕೊಂಡಿದ್ದ ಕೋಟಿನ ಒಂದು ತೋಳು ಇನ್ನೊಂದಕ್ಕಿಂತ ಉದ್ದವಿತ್ತು. ತನ್ನ ತೋಳಿನ ಉದ್ದವೇ ಗೊತ್ತಿಲ್ಲದವನು ಇನ್ನೊಬ್ಬರ ಆಯುಸ್ಸಿನ ಅಳತೆ ಹೇಳುತ್ತಾನೆ. ಅಣ್ಣನಿಗೆ ಇದು ತಿಳಿಯಕೂಡದು ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಅತ್ತಿಗೆ ಏನೂ ಅನ್ನಲಿಲ್ಲ. ಅವರು ಏನಾದರೂ ಅನ್ನುವುದೇ ಅಪರೂಪ.

ಅಂಗಡಿಯ ಹಿಂದಿನ ಕೋಣೆಯಲ್ಲೇ ಮಂಚ ಹಾಕಿಸಿದ್ದೇವೆ. ಮಿಶಿನ್ ಸದ್ದು ಕಿವಿಗೆ ಬೀಳುತ್ತಿದ್ದರೆ ಬೇಗ ಚೇತರಿಸಿಕೊಳ್ಳುತ್ತಾನೆ.

ಮಾರ್ಚ್ ೭, ಗುರುವಾರ

ಮಾತ್ರೆ ಎರಡು. ವಾಂತಿ ಇಲ್ಲ.

ಬೆಳಗ್ಗೆ ಅಣ್ಣ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು ನಿಲುಗನ್ನಡಿಯ ಮುಂದೆ ನಿಂತ. ಅಂಗಿ ಮೊಳೆಗೆ ತಗುಲಿಹಾಕಿದ ಹಾಗೆ ಇಳಿಬಿದ್ದಿತ್ತು. ಎದೆಯ ಹತ್ತಿರ ಎರಡು ಬೆರಳಲ್ಲಿ ಬಟ್ಟೆ ಹಿಡಿದು ಎಷ್ಟು ಸಡಿಲ ಎಂದು ನೋಡಿಕೊಂಡ. ಗಿರಾಕಿಗಳ ಮೈಮೇಲೆ ಅವನು ಹಾಗೆ ಹಿಡಿದು ನೋಡುವುದನ್ನು ಸಾವಿರ ಸಲ ಕಂಡಿದ್ದೇನೆ. ಇವತ್ತು ನಾನು ಮಿಶಿನ್ ಕಡೆ ತಿರುಗಿಕೊಂಡೆ.

ಮಾತ್ರೆ ನುಂಗಿ ಮಲಗಿದರೆ ಮಧ್ಯಾಹ್ನ ಮೂರು ಗಂಟೆ ಹೊತ್ತು ಏಳುವುದಿಲ್ಲ. ಅಷ್ಟರಲ್ಲಿ ಅವನ ನಾಲ್ಕು ಅಂಗಿಗಳ ಪಕ್ಕದ ಹೊಲಿಗೆ ಬಿಚ್ಚಿ, ಎರಡೂ ಕಡೆ ಒಂದೊಂದು ಇಂಚು ಒಳಗೆ ಹಿಡಿದು ಹೊಲಿದೆ. ಅತ್ತಿಗೆ ಇಸ್ತ್ರಿ ಮಾಡಿ ಮೊದಲಿನ ಹಾಗೇ ಮಡಚಿಟ್ಟರು. ಸಂಜೆ ಒಂದನ್ನು ಹಾಕಿಸಿ ಕನ್ನಡಿಯ ಮುಂದೆ ನಿಲ್ಲಿಸಿದೆ. ಎದೆ ಸವರಿಕೊಂಡ.

"ಏನೇ ಮೊಂಡಿ, ಮೈ ಹಾಗೇ ಇದೆ ಅಲ್ವಾ?" ಎಂದ. ನನಗೆ ಐವತ್ತನಾಲ್ಕಾದರೂ ಅವನು ಕರೆಯುವುದು ಮೊಂಡಿ ಎಂದೇ.

"ಇಲ್ದೆ ಇನ್ನೇನು! ಎದ್ದು ಓಡಾಡೋದೊಂದು ಬಾಕಿ."

ಇಷ್ಟು ಸುಲಭದ ಉಪಾಯ ಆ ಡಾಕ್ಟರಿಗೆ ಹೊಳೆದಿರಲಿಲ್ಲ. ನಾಳೆಯಿಂದ ಸೂಪು ಮೂರು ಹೊತ್ತು.

ಮಾರ್ಚ್ ೧೨, ಮಂಗಳವಾರ

ಗುಂಡಿ ಮಾಮ ಬಂದಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಹೊಟ್ಟೆಯಿಂದಾಗಿ ತಿಂಗಳಿಗೊಂದು ಗುಂಡಿ ಹಾರಿಸಿಕೊಂಡು ಬರುತ್ತಾರೆ. ಹೊಸ ಅಂಗಿಗೆ ಬಟ್ಟೆ ತಂದಿದ್ದರು. ಕತ್ತರಿಸದೆ ಉಳಿದ ಬಟ್ಟೆಗಳ ಸಾಲು ಶೆಲ್ಫಿನಲ್ಲಿ ಆಗಲೇ ಹನ್ನೊಂದಾಗಿದೆ. ಎಲ್ಲರಿಗೂ ಹೇಳುವ ಹಾಗೆ ಅವರಿಗೂ "ಇನ್ನೊಂದು ತಿಂಗಳು ಬಿಟ್ಟು ಬನ್ನಿ ಮಾಮ, ಅಣ್ಣ ಎದ್ದಿರ್ತಾನೆ" ಎಂದೆ.

ಒಳಗಿನಿಂದ ಅಣ್ಣ ಕೂಗಿದ. "ಬಟ್ಟೆ ಇಟ್ಟು ಹೋಗಿ. ಮೊಂಡಿ ಕತ್ತರಿಸ್ತಾಳೆ."

ಮಾಮ ನನ್ನ ಮುಖ ನೋಡಿದರು. ನಾನು ಅವರ ಬಟ್ಟೆ ನೋಡಿದೆ.

ಅವರು ಹೋದ ಮೇಲೆ ಅಣ್ಣ ಬಿಡಲಿಲ್ಲ. "ಬಾರೇ, ಕತ್ತರಿ ತಗೋ. ನಾನಿಲ್ಲಿಂದ ಹೇಳ್ತಾ ಹೋಗ್ತೀನಿ. ಒಂದು ತಿಂಗಳಲ್ಲಿ ಕಲಿಸಿಬಿಡ್ತೀನಿ."

"ನನಗ್ಯಾಕೆ? ನೀನೇ ಇದ್ದೀಯಲ್ಲ."

"ಇದ್ದೀನಿ. ಅದಕ್ಕೇ ಹೇಳ್ತಿರೋದು."

ನನಗೆ ಕತ್ತರಿಯ ಸಹವಾಸ ಬೇಡ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಯಾರದೋ ಮದುವೆಯ ಕೋಟು ಕತ್ತರಿಸಲು ಹೋಗಿ ಎರಡಕ್ಕೂ ಎಡತೋಳನ್ನೇ ಕತ್ತರಿಸಿಟ್ಟಿದ್ದೆ. ತಪ್ಪು ತನ್ನದೆಂದು ಹೇಳಿ ಅಪ್ಪನ ಕೈಲಿ ಬೈಸಿಕೊಂಡವನು ಅಣ್ಣ. ಅವತ್ತಿಗೆ ಕತ್ತರಿ ಕೆಳಗಿಟ್ಟವಳು ಇವತ್ತಿನವರೆಗೆ ಮುಟ್ಟಿಲ್ಲ. ಅದನ್ನೇ ಹೇಳಿದೆ. ನೀನು ಎದ್ದ ಮೇಲೆ ಹನ್ನೊಂದನ್ನೂ ನೀನೇ ಕತ್ತರಿಸು ಎಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮಾತ್ರೆ ಮೂರು. ಬರೆಯುವುದೇ ಮರೆತಿದ್ದೆ.

ಮಾರ್ಚ್ ೧೬, ಶನಿವಾರ

ಸೂಪು ಕುಡಿಸಲು ಹೋಗಿ ರಂಪವಾಯಿತು. ಚಮಚವನ್ನು ಹಲ್ಲಿಗೆ ತಾಗಿಸಿ ಒತ್ತಿದೆ. ಅಂಗಿಯ ಮೇಲೆಲ್ಲ ಚೆಲ್ಲಿತು. "ತಿನ್ನದೆ ಇದ್ರೆ ಶಕ್ತಿ ಎಲ್ಲಿಂದ ಬರುತ್ತೆ? ಹಟ ಮಾಡೋಕೂ ಶಕ್ತಿ ಬೇಕಲ್ಲ!" ಎಂದು ಕಿರುಚಿದೆ. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು.

ಹೊರಗೆ ಕರೆದು ಹೇಳಿದರು: "ಇದು ಹಟ ಅಲ್ಲ ಅಮ್ಮ. ದೇಹವೇ ಸಾಕು ಅಂತಿದೆ. ಅವರು ತಿನ್ನದೆ ಇರೋದ್ರಿಂದ ಸಾಯ್ತಾ ಇಲ್ಲ, ಸಾಯ್ತಾ ಇರೋದ್ರಿಂದ ತಿಂತಾ ಇಲ್ಲ. ಕೇಳಿದಷ್ಟು ಕೊಡಿ. ತುಟಿ ಒಣಗದ ಹಾಗೆ ನೋಡ್ಕೊಳ್ಳಿ."

ಎಷ್ಟು ಸಲೀಸಾಗಿ ಆ ಮಾತು ಆಡಿದರು! ಮೈಯೆಲ್ಲ ಉರಿದುಹೋಯಿತು.

ಮಾರ್ಚ್ ೧೯, ಮಂಗಳವಾರ

ಅಂಗಿಗಳು ಮತ್ತೆ ಸಡಿಲ. ಈ ಸಲ ಪಕ್ಕ ಹಿಡಿದರೆ ಸಾಲದು. ತೋಳು ಬಿಚ್ಚಿ ಭುಜ ಒಳಗೆ ತಂದೆ, ಕಾಲರಿನ ಗುಂಡಿ ಸರಿಸಿದೆ. ಎರಡು ಮಧ್ಯಾಹ್ನ ಹಿಡಿಯಿತು. ಮುಗಿಸಿ ಮೇಜಿನ ಮೇಲೆ ಹರವಿದಾಗಲೇ ತಪ್ಪು ಕಂಡದ್ದು. ಪಕ್ಕದಿಂದ ಅಷ್ಟು ಬಟ್ಟೆ ಹಿಡಿದ ಮೇಲೆ ಜೇಬು ಇದ್ದಲ್ಲೇ ಇರುತ್ತದೆಯೇ? ಎದೆಯ ಮೇಲಿರಬೇಕಾದದ್ದು ಬಗಲಿಗೆ ಹೋಗಿ ಕೂತಿತ್ತು. ಜೇಬು ಬಿಚ್ಚಿದರೆ ಹಳೆಯ ಬಟ್ಟೆಯ ಮೇಲೆ ಗುರುತು ಕಾಣುತ್ತದೆ. ಹಾಗೇ ಬಿಟ್ಟೆ. ಮಲಗಿರುವವನು ಜೇಬು ನೋಡಿಕೊಳ್ಳುತ್ತಾನೆಯೇ?

ಸಂಜೆ ಎದ್ದು ಕೂತು ಹಳೆಯ ಪೇಪರಿನ ಮೇಲೆ ಅದೇನೋ ಗೆರೆ ಹಾಕುತ್ತಿದ್ದ. ಮುಗಿಸಿ, ಅಭ್ಯಾಸದಂತೆ ನೋಡದೆಯೇ ತನ್ನ ನೀಲಿ ಚಾಕ್‌ಪೀಸನ್ನು ಎದೆಯ ಜೇಬಿಗೆ ಹಾಕಿಕೊಂಡ. ಜೇಬು ಅಲ್ಲಿರಲಿಲ್ಲ. ಚಾಕ್‌ಪೀಸು ಮಡಿಲಿಗೆ ಬಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ದಿಂಬಿನ ಕೆಳಗಿಟ್ಟುಕೊಂಡ.

ಏನೂ ಕೇಳಲಿಲ್ಲ. ಬಚಾವಾದೆ.

ಮಾರ್ಚ್ ೨೩, ಶನಿವಾರ

ರಕ್ತದೊತ್ತಡ ನೋಡುತ್ತಿದ್ದ ನರ್ಸಮ್ಮನನ್ನು ಅಣ್ಣ ಕೇಳಿಯೇಬಿಟ್ಟ. "ಕೊನೆಗೆ ಹೇಗಿರುತ್ತೆ ಅಮ್ಮ?"

ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಮಧ್ಯೆ ಹೋದೆ. "ಕೊನೆ ಗಿನೆ ಅಂತ ಏನು ಮಾತು? ಬೇಸಿಗೆ ಕಳೀಲಿ, ನೋಡು ಹೇಗಾಗ್ತೀಯ." ಕಿಟಕಿಯ ಪರದೆ ಸರಿಸಿದೆ, ಬೆಡ್‌ಶೀಟು ಕೊಡವಿದೆ, ಟ್ಯಾಂಕಿನ ನೀರು ಸೋರುತ್ತಿರುವ ವಿಷಯ ತೆಗೆದೆ. ಅಣ್ಣ ಕಣ್ಣು ಮುಚ್ಚಿಕೊಂಡ.

ನರ್ಸಮ್ಮ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು: "ಅವರಿಗೆ ಗೊತ್ತಿದೆ. ಹೆಚ್ಚಿನವರಿಗೆ ಗೊತ್ತಿರುತ್ತೆ. ಹೇಳೋಕೆ ಜನ ಸಿಗಲ್ಲ ಅಷ್ಟೆ. ಅವರಾಗಿ ಕೇಳಿದಾಗ ಕೇಳಿದಷ್ಟಕ್ಕೆ ಉತ್ತರ ಕೊಡಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಪಕ್ಕದಲ್ಲಿ ಕೂತರೂ ಸಾಕು. ನೀವು ಕೂತ್ಕೊಳ್ಳೋದೇ ಇಲ್ಲ."

ಕೂತರೆ ಕೆಲಸ ಯಾರು ಮಾಡುತ್ತಾರೆ? ಸೋಮವಾರ ಫೋನ್ ಮಾಡಿ ಬೇರೆ ನರ್ಸನ್ನು ಕಳಿಸಿ ಎನ್ನಬೇಕು.

ಮಾರ್ಚ್ ೨೫, ಸೋಮವಾರ

ಫೋನ್ ಮಾಡಲಿಲ್ಲ. ಮಾತ್ರೆ ಮೂರು, ಹಾಲು ನಾಲ್ಕು ಚಮಚ.

ಮಾರ್ಚ್ ೨೯, ಶುಕ್ರವಾರ

ಹೇಗೆ ಬರೆಯಲಿ?

ಅಣ್ಣ ಮಲಗಿದ ಮೇಲೆ ಮತ್ತೆ ಹಿಡಿಯೋಣವೆಂದು ಅವನ ಬೂದು ಬಣ್ಣದ ಅಂಗಿ ತೆಗೆದು ಒಳಮಗ್ಗುಲು ತಿರುಗಿಸಿದೆ. ಪಕ್ಕದ ಹೊಲಿಗೆಯಿಂದ ಮುಕ್ಕಾಲು ಇಂಚು ಒಳಗೆ, ಬಗಲಿನಿಂದ ಅಂಚಿನವರೆಗೆ ನೀಲಿ ಗೆರೆ ಎಳೆದಿತ್ತು. ಎರಡೂ ಕಡೆ. ಸೊಂಟದ ಹತ್ತಿರ ಸ್ವಲ್ಪ ಒಳಬಾಗಿ ಮತ್ತೆ ಹೊರಗೆ ಬರುವ ಗೆರೆ, ಬಗಲಲ್ಲಿ ಅವನು ಯಾವಾಗಲೂ ಹಾಕುವ ಸಣ್ಣ ಅಡ್ಡಗೀಟು. ಒಂದು ಕಡೆ ಗೆರೆ ನಡುಗಿತ್ತು. ಜೇಬಿನ ಸುತ್ತಲೂ ಚುಕ್ಕೆಗಳಿದ್ದವು, ಇಷ್ಟು ಸರಿಸು ಎಂದು ಬಾಣದ ಗುರುತೂ ಇತ್ತು.

ಉಳಿದ ಮೂರನ್ನೂ ತೆಗೆದೆ. ಮೂರರಲ್ಲೂ ಗೆರೆ.

ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಅತ್ತಿಗೆ ಬಂದು ಎದುರಿನ ಸ್ಟೂಲಿನಲ್ಲಿ ಕೂತರು.

"ಅವರು ಕೇಳಿದ್ರು, ನಾನೇ ಬೀರುವಿನಿಂದ ತೆಗೆದುಕೊಟ್ಟೆ. ನಿನ್ನೆ ನೀನು ದಾರ ತರೋಕೆ ಹೋದಾಗ."

"ಯಾವಾಗಿಂದ ಗೊತ್ತು ಅವನಿಗೆ?"

"ಮೊದಲನೇ ದಿನದಿಂದ. ಮಲಗಿದ್ದಲ್ಲೇ ಸದ್ದು ಕೇಳಿ ಹೇಳ್ತಿದ್ರು. ಬಗಲಿಂದ ಅಂಚಿನವರೆಗೆ ಒಂದೇ ಓಟ, ನಾಲ್ಕು ಅಂಗಿ, ಎಂಟು ಸಲ ಅಂತ." ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಷ್ಟರಲ್ಲೇ ನಕ್ಕೂಬಿಟ್ಟರು. "ಅವರಿಗೆ ಗೊತ್ತಾಗಬಾರದು ಅಂತ ನೀನು ಹೊಲೀತಿದ್ದೆ. ನಿನಗೆ ಬೇಜಾರಾಗಬಾರದು ಅಂತ ಅವರು ಹಾಕ್ಕೋತಿದ್ರು. ಮಧ್ಯೆ ನಾನು ಇಸ್ತ್ರಿ ಮಾಡ್ತಿದ್ದೆ."

ಈ ಮನೆಗೆ ಬಂದ ಇಪ್ಪತ್ತೆಂಟು ವರ್ಷದಲ್ಲಿ ಅವರು ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಇಬ್ಬರೂ ಅತ್ತೆವು. ಅಂಗಿಗಳನ್ನು ಹೊಲಿಯಲಿಲ್ಲ.

ಮಾರ್ಚ್ ೩೦, ಶನಿವಾರ

ಬೆಳಗ್ಗೆ ಬೂದು ಅಂಗಿ ತೆಗೆದುಕೊಂಡು ಹೋಗಿ ಅವನ ಮಂಚದ ಮೇಲಿಟ್ಟೆ, ಗೆರೆ ಕಾಣುವ ಹಾಗೆ. ಕೂತುಕೊಂಡೆ. ಕೆಲಸವೇನೂ ಇಲ್ಲದೆ ಅವನ ಪಕ್ಕ ಕೂತದ್ದು ಇದೇ ಮೊದಲೇನೋ.

"ಇದೇನಣ್ಣ?"

"ಜೇಬು ಬಗಲಿಗೆ ಬಂದಿತ್ತಲ್ಲೇ. ಸಾಯೋದನ್ನ ಬೇಕಾದ್ರೆ ಒಪ್ಕೋತೀನಿ, ಅದನ್ನ ಒಪ್ಕೊಳ್ಳೋಕಾಗಲ್ಲ."

ನಗು ಬಂತು, ಅಳುವೂ ಬಂತು. ಅವನು ನನ್ನ ಕೈ ಹಿಡಿದುಕೊಂಡ. ಬೆರಳೆಲ್ಲ ತಣ್ಣಗಿತ್ತು.

"ಡಾಕ್ಟರು ಏನಂದ್ರು? ಈಗ ಹೇಳು."

ಹೇಳಿದೆ. ಆರು ವಾರ ಎಂದದ್ದು, ಅದರಲ್ಲಿ ಐದು ಕಳೆದದ್ದು. ಹೇಳುವಾಗ ನೆಲ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಅಣ್ಣ ನಿಟ್ಟುಸಿರು ಬಿಟ್ಟು, "ನಾನೂ ಅಷ್ಟೇ ಅಂದಾಜು ಹಾಕಿದ್ದೆ" ಎಂದ.

ಆಮೇಲೆ ಹೇಳಿದ: "ಹೋಗೋದು ಅಂದ್ರೆ ಅಷ್ಟು ಭಯ ಇಲ್ಲ. ಉಸಿರು ಕಟ್ಕೊಂಡು ಒದ್ದಾಡ್ತೀನೇನೋ ಅಂತ ಭಯ. ಕೇಳೋಣ ಅಂದ್ರೆ ನೀನು ಟ್ಯಾಂಕಿನ ನೀರು ಸೋರೋ ವಿಷಯ ತೆಗೀತೀಯ."

ನನಗೆ ನಾಚಿಕೆಯಾಯಿತು. ಒಂದು ವಾರ ಆ ಭಯವನ್ನು ಒಬ್ಬನೇ ಇಟ್ಟುಕೊಂಡು ಮಲಗಿದ್ದನಲ್ಲ. ಆಗಲೇ ನರ್ಸಮ್ಮನಿಗೆ ಫೋನ್ ಮಾಡಿದೆ. ಸಂಜೆ ಬರಬೇಕಿದ್ದವರು ಕೂಡಲೇ ಬಂದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

"ನಿದ್ದೆ ಜಾಸ್ತಿ ಆಗುತ್ತೆ" ಎಂದರು. "ಉಸಿರು ನಿಧಾನ ಆಗುತ್ತೆ, ನಿಂತು ನಿಂತು ಬರುತ್ತೆ. ಅದನ್ನ ನೋಡೋದು ಇವರಿಗೆ ಕಷ್ಟ. ನಿಮಗೆ ಆಗ ಹೆಚ್ಚು ಗೊತ್ತಾಗಲ್ಲ. ಅದಕ್ಕೆ ಮುಂಚೆ ಕಷ್ಟ ಅನ್ನಿಸಿದ್ರೆ ಔಷಧಿ ಇದೆ, ಯಾವ ಹೊತ್ತಿಗೆ ಕರೆದ್ರೂ ಬರ್ತೀನಿ."

ಅಣ್ಣ ಎರಡು ಸಲ ಕೇಳಿದ. ಅವರು ಎರಡು ಸಲವೂ ಅದನ್ನೇ ಹೇಳಿದರು. ಆಮೇಲೆ ಅವನು ಅರ್ಧ ಲೋಟ ಹಾಲು ತಾನಾಗಿಯೇ ಕೇಳಿ ಕುಡಿದ.

ಹೋಗುವಾಗ ನರ್ಸಮ್ಮನ ಬ್ಯಾಗಿನ ಹಿಡಿ ಕಿತ್ತುಬಂದಿರುವುದು ಕಂಡಿತು. ಕಸಿದುಕೊಂಡು ಹೊಲಿದುಕೊಟ್ಟೆ.

ಏಪ್ರಿಲ್ ೩, ಬುಧವಾರ

ಅಣ್ಣನ ಆಸೆ ಒಂದೇ. "ಹಿಡಿದು ಹಿಡಿದು ಹೊಲಿದ ಅಂಗಿ ಸಾಕು. ನನಗೊಂದು ಹೊಸ ಅಂಗಿ, ನನ್ನ ಅಳತೇದು. ನೀನೇ ಕತ್ತರಿಸಬೇಕು, ನಾನು ನೋಡ್ಬೇಕು. ಅದನ್ನ ನೋಡಿದ್ರೆ ಅಂಗಡಿ ವಿಷಯದಲ್ಲಿ ನನಗೆ ನಿಶ್ಚಿಂತೆ."

ಬೇಡ ಎನ್ನಲು ಬಾಯಿ ತೆರೆದಿದ್ದೆ. ಸರಿ ಎಂದೆ.

ಅತ್ತಿಗೆ ಅವನ ಬೆನ್ನಿಗೆ ಆಸರೆಯಾಗಿ ನಿಂತರು. ನಾನು ಟೇಪು ಹಿಡಿದೆ. ಅಣ್ಣ ಪುಸ್ತಕ ಕೇಳಿದ. "ಇವತ್ತು ನೀನು ಕೂಗು, ನಾನು ಬರ್ಕೋತೀನಿ" ಎಂದು ಬೀರುವಿನ ಅಂಚಿಗೆ ಪುಸ್ತಕ ಆನಿಸಿಕೊಂಡ. ಎದೆಯ ಸುತ್ತ ಟೇಪು ತರಲು ಅವನನ್ನು ತಬ್ಬಿದ ಹಾಗೇ ಆಗುತ್ತದೆ. ಒಂದೊಂದು ಪಕ್ಕೆಲುಬೂ ಕೈಗೆ ಸಿಕ್ಕಿತು. ಎದೆ ಮೂವತ್ತಮೂರು ಎಂದೆ. ನನಗೇ ಕೇಳಿಸುವಷ್ಟು ಮೆಲ್ಲಗೆ.

"ಜೋರಾಗಿ ಕೂಗೇ. ಬರ್ಕೊಳ್ಳೋರಿಗೆ ಕೇಳಬೇಡ್ವಾ?"

"ಮೂವತ್ತಮೂರು!" ಎಂದು ಕೂಗಿದೆ. ಬೀದಿಗೆ ಕೇಳಿರಬೇಕು.

ಈ ಪುಟದ ಕೆಳಗಿರುವುದು ಅವನ ಅಕ್ಷರ:

ಗಿರಾಕಿ: ನಾನು. ಉದ್ದ ೨೯. ಭುಜ ೧೬. ತೋಳು ೨೪. ಎದೆ ೩೩. ಸೊಂಟ ೩೦. ಕಾಲರ್ ೧೪. ಜೇಬು ಎದೆಯ ಮೇಲೆ.

"ಉದ್ದ ಒಂದು ಮಾತ್ರ ಹಳೇದೇ ಇದೆ ನೋಡು" ಎಂದ.

ಏಪ್ರಿಲ್ ೬, ಶನಿವಾರ

ಕತ್ತರಿಸುವ ಮೇಜನ್ನು ಅವನಿಗೆ ಕಾಣುವ ಹಾಗೆ ಬಾಗಿಲಿಗೆ ಎಳೆದೆವು. ಅವನು ಹೇಳುತ್ತಾ ಹೋದ, ನಾನು ಗೆರೆ ಹಾಕಿದೆ. ಹತ್ತು ನಿಮಿಷ ಹೇಳಿದರೆ ಅರ್ಧ ಗಂಟೆ ನಿದ್ದೆ. ಎದ್ದು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದ. ನಾನು ಕತ್ತರಿ ಹಿಡಿದುಕೊಂಡೇ ಕಾಯುತ್ತಿದ್ದೆ. ಕಾಯುವುದು ನನಗೆ ಬಾರದ ಕೆಲಸ. ಇವತ್ತು ಹೊತ್ತು ಹೋದದ್ದೇ ತಿಳಿಯಲಿಲ್ಲ.

ತೋಳಿನ ಸರದಿ ಬಂದಾಗ ಕತ್ತರಿ ಕೆಳಗಿಟ್ಟುಬಿಟ್ಟೆ. "ಬಟ್ಟೆ ಮಗುಚಿ ಹಾಕ್ಕೊಂಡಿದ್ದೀಯಾ?" ಎಂದ. ಹೂಂ ಎಂದೆ. "ಇನ್ನೊಂದ್ಸಲ ನೋಡ್ಕೋ. ಎರಡೂ ಎಡಗೈ ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಮೂವರೂ ನಕ್ಕೆವು. ಅಣ್ಣನಿಗೆ ಕೆಮ್ಮು ಹತ್ತಿ ನಿಲ್ಲಲು ಬಹಳ ಹೊತ್ತಾಯಿತು. ಕೆಮ್ಮು ನಿಂತ ಮೇಲೂ ನಗುತ್ತಿದ್ದ.

ಕತ್ತರಿಸಿದೆ. ಒಂದು ಎಡ, ಒಂದು ಬಲ.

ಏಪ್ರಿಲ್ ೧೧, ಗುರುವಾರ

ಅಂಗಿ ಮುಗಿಯಿತು. ಹಾಕಿಸಿದೆವು. ಕನ್ನಡಿ ಬೇಡ ಎಂದ. ಭುಜದ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದ, ಕಾಲರ್ ಎಳೆದು ನೋಡಿದ. ಆಮೇಲೆ ದಿಂಬಿನ ಕೆಳಗಿಂದ ನೀಲಿ ಚಾಕ್‌ಪೀಸು ತೆಗೆದು, ನನ್ನನ್ನೇ ನೋಡುತ್ತ, ಜೇಬಿಗೆ ಹಾಕಿದ. ಒಳಗೆ ಹೋಯಿತು.

"ಸರಿ" ಎಂದ. ಅಷ್ಟೇ. ಅಪ್ಪನ ಕಾಲದಿಂದಲೂ ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಏಪ್ರಿಲ್ ೧೫, ಸೋಮವಾರ

ನೀರೂ ಬೇಡ ಎಂದ. ಹತ್ತಿಯಲ್ಲಿ ತುಟಿ ಒದ್ದೆ ಮಾಡಿದೆ. ಹೆಚ್ಚು ನಿದ್ದೆ. ನಡುವೆ ಒಮ್ಮೆ ಕಣ್ಣು ತೆರೆದು, "ಮಿಶಿನ್ ಯಾಕೆ ನಿಂತಿದೆ?" ಎಂದ. ಗುಂಡಿ ಮಾಮನ ಬಟ್ಟೆ ತೆಗೆದು, ಕೈಗೆ ಸಿಕ್ಕ ಪೆನ್ಸಿಲಿನಲ್ಲೇ ಗೆರೆ ಹಾಕಿ ಕತ್ತರಿಸಿ, ಹೊಲಿಯಲು ಕೂತೆ. ಅವನ ಮುಖ ಸಡಿಲವಾಯಿತು.

ಏಪ್ರಿಲ್ ೧೭, ಬುಧವಾರ

ಬೆಳಗ್ಗೆ ಹತ್ತೂವರೆಯ ಸುಮಾರಿಗೆ.

ಉಸಿರು ನಿಂತು ನಿಂತು ಬರುತ್ತಿತ್ತು, ನರ್ಸಮ್ಮ ಹೇಳಿದ ಹಾಗೇ. ಒದ್ದಾಡಲಿಲ್ಲ. ಅತ್ತಿಗೆ ಅವನ ಕೈ ಹಿಡಿದು ಕೂತಿದ್ದರು. ನಾನು ಮಿಶಿನ್ ಮುಂದೆ ಕೂತಿದ್ದೆ, ಮಾಮನ ಅಂಗಿಗೆ ತೋಳು ಕೂಡಿಸುತ್ತಿದ್ದೆ. ಅತ್ತಿಗೆ ನನ್ನನ್ನು ಕರೆಯಲಿಲ್ಲ. ಸದ್ದು ನಿಲ್ಲುವುದು ಬೇಡವೆಂದು ಸುಮ್ಮನಿದ್ದೆ ಎಂದು ಆಮೇಲೆ ಹೇಳಿದರು. ಹೊಲಿಗೆ ಮುಗಿಸಿ, ದಾರ ಕತ್ತರಿಸಿ ತಿರುಗಿದೆ.

ಹೊಸ ಅಂಗಿಯನ್ನು ನಾನೇ ಹಾಕಿದೆ. ಕೊನೆಯ ಗುಂಡಿಯವರೆಗೂ. ಎಲ್ಲೂ ಸಡಿಲವಿರಲಿಲ್ಲ.

ಮೇ ೨, ಗುರುವಾರ

ಅಂಗಡಿ ತೆರೆದೆ. ಮೊದಲು ಬಂದವರು ಗುಂಡಿ ಮಾಮನೇ. ಹೋದ ತಿಂಗಳ ಅಂಗಿಯನ್ನು ಹಾಕಿಕೊಂಡಿದ್ದರು. ಇನ್ನೊಂದಕ್ಕೆ ಬಟ್ಟೆ ತಂದಿದ್ದರು. "ಅಳತೆ ಹೊಸದಾಗಿ ತಗೋಮ್ಮ, ಹೊಟ್ಟೆ ಇದ್ದಲ್ಲಿ ಇರಲ್ಲ" ಎಂದರು.

ಟೇಪು ಹಿಡಿದು, "ಎದೆ ನಲವತ್ತನಾಲ್ಕು" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಬರೆದುಕೊಳ್ಳುವವರು ಯಾರೂ ಇಲ್ಲವಲ್ಲ ಎನಿಸಿ ಅಲ್ಲೇ ನಿಂತೆ. ಒಳಗಿನಿಂದ ಅತ್ತಿಗೆ ಬಂದು, ಈ ಪುಸ್ತಕದ ಆ ಕಡೆಯ ಪುಟ ತೆರೆದು, ಪೆನ್ಸಿಲ್ ಹಿಡಿದು ಕೂತರು.

"ಮುಂದೆ?" ಎಂದರು.

ಅಳತೆ ಮುಗಿದ ಮೇಲೆ ಬಟ್ಟೆ ಹರವಿದೆ. ಗೆರೆ ಹಾಕಲು ಅಣ್ಣನ ನೀಲಿ ಚಾಕ್‌ಪೀಸು ಹುಡುಕಿದೆ. ಮೇಜಿನ ಮೇಲೆ, ಡ್ರಾಯರಿನಲ್ಲಿ, ಅವನ ದಿಂಬಿನ ಕೆಳಗೆ, ಎಲ್ಲೂ ಇರಲಿಲ್ಲ. ಆಮೇಲೆ ನೆನಪಾಯಿತು. ಅವತ್ತು ಗುಂಡಿಗಳನ್ನೆಲ್ಲ ಹಾಕಿದವಳು ಜೇಬು ನೋಡಿರಲಿಲ್ಲ. ಅವನ ಜೊತೆಯಲ್ಲೇ ಹೋಗಿದೆ, ಇರಬೇಕಾದ ಜಾಗದಲ್ಲೇ ಇದ್ದುಕೊಂಡು.

ನಾಳೆ ಹೊಸದು ತರಬೇಕು.